ಬೀಗರ ಜೀಪಿಗೆ ತುಟ್ಟಿ ಎಣ್ಣೆ

ಮೂರು ದಿನ ಕಣ್ಣಿಗೆ ಕಣ್ಣು ಹಚ್ಚದ ಮದುಮಗಳಿಗೆ ಲೋಕ ಹೇಗೆ ಕಾಣುತ್ತದೆ ಎಂಬುದನ್ನು ಮದುಮಗಳಾದವರೇ ಬಲ್ಲರು. ಮೈಗೆ ಹಚ್ಚಿದ ಅರಿಷಿಣ ಮೈಯಲ್ಲಷ್ಟೇ ನಿಲ್ಲುವುದಿಲ್ಲ, ಬಿಸಿಲಿಗೂ ಹತ್ತಿಕೊಂಡಿರುತ್ತದೆ. ತಾಳಿಕೋಟೆಯ ಆ ಸಣ್ಣ ಮನೆಯ ಕಿಟಕಿಯ ಹತ್ತಿರ ಸುನಂದಾ ಕೂತಿದ್ದಳು. ಬೆನ್ನ ಹಿಂದೆ ಯಾರೋ ಜಡೆ ಹೆಣೆಯುತ್ತಿದ್ದರು, ಯಾರೋ ಹಾಡುತ್ತಿದ್ದರು, ಹಾಡಿನ ನಡುವೆ ಯಾರೋ ಅಳುತ್ತಿದ್ದರು. ಎಲ್ಲವೂ ಪಕ್ಕದ ಮನೆಯಲ್ಲಿ ನಡೆದಂತೆ ಅವಳಿಗೆ ಕೇಳಿಸುತ್ತಿತ್ತು.

ಕಿಟಕಿಯ ಹೊರಗೆ ಬೇವಿನ ಗಿಡದ ನೆರಳಲ್ಲಿ ಬೀಗರ ಜೀಪು ನಿಂತಿತ್ತು. ಅದರ ಪಕ್ಕದಲ್ಲಿ ಹೊಸ ಧೋತರದ ಚುಂಗು ಹಿಡಿದುಕೊಂಡು, ಕ್ಯಾನಿನಿಂದ ಏನನ್ನೋ ಲಾಳಿಕೆಯಲ್ಲಿ ಸುರಿಯುತ್ತ ನಿಂತಿದ್ದವನು ಅವಳ ಸೋದರಮಾವ ಪರಸಪ್ಪ. ಹನಿಯೂ ಚೆಲ್ಲಬಾರದೆಂದು ನಾಲಗೆ ಕಚ್ಚಿಕೊಂಡಿದ್ದ.

ಹಾಲುಹಲ್ಲು ಬೀಳುವ ಮೊದಲೇ ತಂದೆ ತಾಯಿಯನ್ನು ಕಳೆದುಕೊಂಡ ಹುಡುಗಿಯನ್ನು ಎತ್ತಿಕೊಂಡು ಬಂದು ಸಾಕಿದವನು ಈ ಪರಸಪ್ಪ. ತಾನು ಮದುವೆಯಾಗಲಿಲ್ಲ. ಬಜಾರಿನಲ್ಲಿ ಹೊಲಿಗೆ ಯಂತ್ರ ತುಳಿಯುತ್ತ ತಾಳಿಕೋಟೆಯ ಹೆಂಗಸರಿಗೆ ಜಂಪರ್ ಹೊಲಿದುಕೊಟ್ಟ. ತೋಳು ಎಷ್ಟು ಹಿಡಿಯಬೇಕು, ಬಗಲು ಎಷ್ಟು ಬಿಡಬೇಕು ಎನ್ನುವಲ್ಲಿಗೆ ಅವನ ವಿದ್ಯೆ ಮುಗಿಯುತ್ತಿತ್ತು. ಅವನು ಎಣ್ಣೆ ಹಾಕಿದ ಯಂತ್ರ ಅದೊಂದೇ, ಅದೂ ಎರಡು ಹನಿ.

ಕೆಲಸ ಮುಗಿಸಿ ಅವನು ಕಿಟಕಿಯ ಹತ್ತಿರ ಬಂದ. ಮುಖ ಬೆವರಿನಲ್ಲಿ ತೊಯ್ದಿತ್ತು.

"ಬೀಗರ ಗಾಡಿ ಖಾಲಿ ಹೊಟ್ಟಿಲೆ ಕಳಸಬಾರದವಾ. ಪಂಪಿನವ, ಜೀಪಿಗೆ ಡೀಸೆಲ್ ಹಾಕ್ತಾರ ಅಂದ. ಅಲ್ಲೋ ಮಾರಾಯ, ಡೀಸೆಲ್ ಅಂದ್ರ ಲಾರಿಗೆ ಟ್ರ್ಯಾಕ್ಟರಿಗೆ ಹಾಕೂದು, ಎರಡರಾಗ ತುಟ್ಟಿದು ಯಾವುದು ಅದನ್ನ ಕೊಡು ಅಂದೆ. ಪೆಟ್ರೋಲ್ ತಂದೇನಿ. ನನ್ನ ಮಗಳು ಹೋಗೂ ಗಾಡಿ ಅದು," ಎಂದ.

ಹಾಗೆಂದು ಧೋತರದ ಚುಂಗಿನಿಂದ ಕಣ್ಣು ಒರೆಸಿಕೊಂಡ. ಸುನಂದಾಳ ಕಣ್ಣೂ ತುಂಬಿದವು. ಪೆಟ್ರೋಲಿನ ಸಿಹಿ ವಾಸನೆ ಮಲ್ಲಿಗೆಯ ವಾಸನೆಯೊಂದಿಗೆ ಕಿಟಕಿಯೊಳಗೆ ಬಂತು. ಅದನ್ನು ಮೂಸುತ್ತ, ಮಾವನನ್ನು ಬಿಟ್ಟು ಹೇಗಿರಲಿ ಎಂದು ಅವಳು ಯೋಚಿಸಿದಳೇ ಹೊರತು ಜೀಪು ಏನು ಕುಡಿದು ಓಡುತ್ತದೆ ಎಂದು ಯೋಚಿಸಲಿಲ್ಲ. ಆ ಗಳಿಗೆಯಲ್ಲಿ ಅದನ್ನು ಯೋಚಿಸುವ ಹುಡುಗಿ ಹುಡುಗಿಯೇ ಅಲ್ಲ ಬಿಡಿ.

ಊಟ ಮುಗಿದು ಹೊತ್ತು ಸ್ವಲ್ಪ ಹೊರಳಿದ ಮೇಲೆ ಜೀಪು ಹೊರಟಿತು. ಬೀಗರ ಕಡೆಯವರೆಲ್ಲ ಭಾಂಡೆ ಸಾಮಾನಿನ ಜೊತೆ ಟೆಂಪೋದಲ್ಲಿ ಮುಂದೆ ಹೋಗಿದ್ದರು. ಜೀಪಿನಲ್ಲಿ ಇದ್ದವರು ನಾಲ್ಕೇ ಜನ. ಗಾಡಿ ಹೊಡೆಯುವ ಮೋದಿನಸಾಬ ಬೀಗರ ಮನೆಯಲ್ಲೇ ಕೂದಲು ನರೆಸಿಕೊಂಡವನು. ಅವನ ಪಕ್ಕದಲ್ಲಿ ಮದುಮಗ ಕಲ್ಮೇಶ, ಇಂಡಿ ಕಡೆಯ ಲಿಂಬಿ ತೋಟದ ಹುಡುಗ, ಬಾಸಿಂಗದ ದಾರ ಹಣೆಯ ಮೇಲೆ ಗೀರು ಮೂಡಿಸಿತ್ತು. ಹಿಂದೆ ಸುನಂದಾ. ಅವಳೆದುರಿಗೆ ಕಲ್ಮೇಶನ ಸೋದರತ್ತೆ ಸಾವಂತ್ರವ್ವ.

ಈ ಸಾವಂತ್ರವ್ವನ ಬಗ್ಗೆ ಮದುವೆ ಮನೆಯ ಹೆಂಗಸರು ಸುನಂದಾಳ ಕಿವಿಯಲ್ಲಿ ಆಗಲೇ ಊದಿದ್ದರು. ಗಂಡನ ಮನೆಯಿಂದ ಬಹಳ ಹಿಂದೆಯೇ ಮರಳಿ ಬಂದು ತಮ್ಮನ ಮನೆಯಲ್ಲಿ ಇದ್ದವಳು. ಅವಳ ಕಾಲ್ಗುಣ ನೆಟ್ಟಗಿಲ್ಲವಂತೆ, ಶುಭಕಾರ್ಯಕ್ಕೆ ಮುಂದೆ ಬಿಡುವುದಿಲ್ಲವಂತೆ. ಅತ್ತಿ ಬರದಿದ್ದರೆ ನಾನೂ ಹೋಗುವುದಿಲ್ಲ ಎಂದು ಕಲ್ಮೇಶ ಹಟ ಹಿಡಿದನೆಂದೇ ಅವಳು ಬಂದದ್ದಂತೆ. ಮುದುಕಿ ಮುಖ ಬಿಗಿದುಕೊಂಡು, ಎದುರಿನ ಹುಡುಗಿಯನ್ನು ನೋಡುತ್ತಲೇ ಕೂತಳು. ಆ ನೋಟಕ್ಕೆ ಸುನಂದಾಳ ಅರ್ಧ ಜೀವ ಹಾರಿಹೋಗಿತ್ತು.

ಹೊತ್ತು ಮುಳುಗುವುದರೊಳಗೆ ಸೊಸೆ ಹೊಸ್ತಿಲು ದಾಟಬೇಕೆಂದು ಅಯ್ಯನವರು ಹೇಳಿ ಕಳಿಸಿದ್ದರು. ಹೊತ್ತು ಇನ್ನೂ ಬೇಕಾದಷ್ಟಿತ್ತು. ರಸ್ತೆಯ ಎರಡೂ ಬದಿಗೆ ಬಿಳಿಜೋಳ ತೆನೆ ತೂಗಿ ನಿಂತಿತ್ತು, ಕುಸುಬೆಯ ಹೊಲ ಹಳದಿಯಾಗಿ ಬರುತ್ತಿತ್ತು, ಹೋಗುತ್ತಿತ್ತು. ಸುನಂದಾಳ ಕಣ್ಣೆವೆ ಕೂಡಿದವು. ಕನಸಿನಲ್ಲಿ ಮಾವ ಜೋಳದ ಹೊಲವನ್ನು ಯಂತ್ರಕ್ಕೆ ಕೊಟ್ಟು ಅಂಚು ಹೊಲಿಯುತ್ತಿದ್ದ. ಬಟ್ಟೆ ಸಾಲದೆ ಸಿಂದಗಿ ತನಕದ ಹೊಲವನ್ನೆಲ್ಲ ಎಳೆದುಕೊಳ್ಳುತ್ತಿದ್ದ. ಯಂತ್ರದ ಸದ್ದು ಟಕಟಕ ಎನ್ನುತ್ತ ಜೋರಾಯಿತು, ಕಟಕಟ ಎಂದಿತು, ಸೂಜಿ ಮುರಿದ ಹಾಗೆ ಒಮ್ಮೆ ಖಟ್ಟೆಂದು ನಿಂತಿತು. ಕಣ್ಣು ಬಿಟ್ಟರೆ ಜೀಪು ನಿಂತಿತ್ತು.

ದೇವರ ಹಿಪ್ಪರಗಿ ದಾಟಿ ಸಿಂದಗಿಯ ಕಡೆಗೆ ಸ್ವಲ್ಪ ದೂರ ಬಂದಿದ್ದರು. ಅತ್ತ ಇತ್ತ ಊರಿಲ್ಲ. ಮೋದಿನಸಾಬ ಬಾನೆಟ್ಟು ಎತ್ತಿ ನೋಡಿದ, ಇಳಿಸಿದ, ಮತ್ತೆ ಎತ್ತಿದ. ಕೀಲಿ ತಿರುವಿದರೆ ಎಂಜಿನ್ ಕೆಮ್ಮಿತು, ಹತ್ತಲಿಲ್ಲ. ಕೊನೆಗೆ ಟಾಕಿಯ ಮುಚ್ಚಳ ತೆಗೆದು ಮೂಗು ಹಿಡಿದವನು ಹಾವು ಕಂಡಂತೆ ಹಿಂದೆ ಸರಿದ.

"ಕಲ್ಮೇಶಪ್ಪ, ಇಲ್ಲಿ ಬಾ," ಎಂದು ಕರೆದು, ದನಿ ಇಳಿಸಿ, "ಡೀಸೆಲ್ ಟಾಕ್ಯಾಗ ಪೆಟ್ರೋಲ್ ಸುರದಾರ. ತಳದಾಗಿದ್ದ ಡೀಸೆಲ್ಲಿನ ಮ್ಯಾಲ ಇಲ್ಲೀತನಕ ಎಳಕೊಂಡು ಬಂದೈತಿ," ಎಂದ.

"ಯಾರು ಹಾಕಿದ್ರು ಕಾಕಾ?"

"ನಾ ಉಣ್ಣಾಕ ಕುಂತಾಗ ಯಾರೋ ಹಾಕ್ಯಾರ. ನಾ ನೋಡಿಲ್ಲ."

"ಮನ್ಯಾಗ ಏನು ಹೇಳೂದು?"

"ಗಾಡಿ ಕೆಟ್ಟಿತ್ತು ಅನ್ನೂದು. ಬೀಗರ ಊರಾಗ ಹಿಂಗ ಮಾಡ್ಯಾರ ಅಂದ್ರ ಸುಮ್ಮನ ಇಲ್ಲದ ಜಗಳ. ನೀ ಬಾಯಿ ಬಿಡಬ್ಯಾಡ, ನಾನೂ ಬಿಡಂಗಿಲ್ಲ."

ಕಲ್ಮೇಶ ತಲೆಯಾಡಿಸಿದ. ಗಂಡಸರ ಒಳ್ಳೆಯತನವೇ ಹೀಗೆ. ಜಗಳ ತಪ್ಪಿಸಿದೆವೆಂದು ನೆಮ್ಮದಿಯ ಉಸಿರು ಬಿಡುತ್ತಾರೆ, ತಪ್ಪಿದ ಜಗಳ ಯಾರ ತಲೆಯ ಮೇಲೆ ಹೋಗಿ ಬಿತ್ತು ಎಂದು ತಿರುಗಿ ನೋಡುವುದಿಲ್ಲ. ಹೊಸ ಸೊಸೆ ಕೂತ ಗಾಡಿ ಸುಮ್ಮಸುಮ್ಮನೆ ನಡುದಾರಿಯಲ್ಲಿ ಕೆಟ್ಟು ನಿಂತಿತೆಂದರೆ, ಹೊತ್ತು ಮುಳುಗಿದ ಮೇಲೆ ಮನೆಗೆ ಬಂದಳೆಂದರೆ, ಹೆಂಗಸರು ಎಂಜಿನ್ನಿನ ಕಡೆಗೆ ನೋಡುತ್ತಾರೆಯೇ? ಸೊಸೆಯ ಕಾಲಿನ ಕಡೆಗೆ ನೋಡುತ್ತಾರೆ.

ಪೆಟ್ರೋಲ್ ಎಂಬ ಮಾತು ಸುನಂದಾಳ ಕಿವಿಗೆ ಬಿದ್ದಿತ್ತು. ಕಿಟಕಿಯ ಹೊರಗೆ ಮಾವ ಸುರಿದದ್ದು ನೆನಪಾಯಿತು. ನಿದ್ದೆಯೆಲ್ಲ ಹಾರಿಹೋಗಬೇಕಿತ್ತು, ಹೋಗಲಿಲ್ಲ. ಭಯವೂ ನಿದ್ದೆಯೂ ಒಂದರೊಳಗೊಂದು ಬೆರೆತುಕೊಂಡವು.

ಮೋದಿನಸಾಬ ಖಾಲಿ ಕ್ಯಾನು ಹಿಡಿದು, ಹಿಪ್ಪರಗಿಯ ಕಡೆಗೆ ಹೊರಟಿದ್ದ ಬೇರೊಂದು ಟೆಂಪೋ ಹತ್ತಿ ಡೀಸೆಲ್ ತರಲು ಹೋದ. ಉಳಿದವರು ಇಳಿದು ಬನ್ನಿ ಗಿಡದ ಕೆಳಗೆ ಕೂತರು. ಜೋಳದ ಹೊಲದ ನಡುವೆ ಅಟ್ಟಣಿಗೆಯ ಮೇಲೆ ನಿಂತು ಹಕ್ಕಿ ಕಾಯುತ್ತಿದ್ದ ಹೆಂಗಸೊಬ್ಬಳು ಬಾಸಿಂಗದ ಮಿಂಚು ಕಂಡಳೋ ಏನೋ, ಕವಣೆ ಸೊಂಟಕ್ಕೆ ಸಿಕ್ಕಿಸಿಕೊಂಡು ಇಳಿದು ಬಂದಳು. ಮಡಿಲಲ್ಲಿ ಆಗಷ್ಟೇ ಸುಟ್ಟು ಉಜ್ಜಿದ ಸೀತನಿ ಇತ್ತು. ಎಳೆ ಜೋಳದ ಆ ಬಿಸಿ ಕಾಳು ಹಿಡಿ ಹಿಡಿಯಾಗಿ ಕೊಟ್ಟು, "ಮದುಮಕ್ಕಳು ನಮ್ಮ ಹೊಲಕ್ಕ ಬಂದು ಕುಂತ್ರಿ, ಮುಂದಿನ ಸುಗ್ಗಿ ಎರಡು ಪಟ್ಟು ಆಗತೈತಿ," ಎಂದು ನಕ್ಕು ಹೋದಳು. ಅವಳು ತೆನೆಗಳ ನಡುವೆ ಮರೆಯಾದ ಮೇಲೆ, ನಿಜವಾಗಿ ಬಂದಿದ್ದಳೇ ಎಂದು ಸುನಂದಾ ಅಂಗೈ ನೋಡಿಕೊಂಡಳು. ಕಾಳು ಇನ್ನೂ ಬೆಚ್ಚಗಿದ್ದವು.

"ನೀರು ಕುಡಿತಿ ಏನು?" ಎಂದು ಕಲ್ಮೇಶ ಕೇಳಿದ. ಗಂಡ ಹೆಂಡತಿಗೆ ಆಡಿದ ಮೊದಲ ಮಾತು ಅದು. ಅವಳು ಹೂಂ ಎಂದಳು. ಅವನು ನೀರು ಹುಡುಕಿಕೊಂಡು ತಂಬಿಗೆ ಹಿಡಿದು ದೂರದ ಬಾವಿಯ ಕಡೆಗೆ ಹೋದ. ಜೋಳದ ನಡುವೆ ಅವನ ಹಳದಿ ರುಮಾಲು ಮಾತ್ರ ತೇಲುತ್ತ ಹೋಗುವುದು ಕಾಣುತ್ತಿತ್ತು. ಇವನು ಒಳ್ಳೆಯವನು ಎಂದು ಅವಳಿಗೆ ಅನ್ನಿಸಿತು, ಅನ್ನಿಸಿದ್ದಕ್ಕೆ ಇನ್ನಷ್ಟು ಹೆದರಿಕೆಯಾಯಿತು. ಕಳೆದುಕೊಳ್ಳುವುದಕ್ಕೆ ಈಗ ಒಂದು ವಸ್ತು ಇತ್ತಲ್ಲ.

ಹೇಳಿದರೆ ಏನಾಗುತ್ತದೆ? ಇಂಡಿ ಸೀಮೆಯಲ್ಲಿ ಮಾವನ ಹೆಸರೇ ಪೆಟ್ರೋಲ್ ಪರಸಪ್ಪ ಎಂದಾಗುತ್ತದೆ. ಮಗಳನ್ನು ನೋಡಲು ಬಂದರೆ ಚಹಾ ಕೊಡುವವರೂ ಮುಸಿಮುಸಿ ನಗುತ್ತಾರೆ. ತನ್ನ ಕೈಯಾರೆ ಸುರಿದದ್ದೇ ತನ್ನ ಹುಡುಗಿಯ ದಾರಿಗೆ ಅಡ್ಡವಾಯಿತೆಂದು ತಿಳಿದರೆ ಅವನು ಮತ್ತೆ ಇತ್ತ ಮುಖ ಹಾಕುವವನಲ್ಲ. ಹೇಳದಿದ್ದರೆ? ಮೇಲೆ ಕಾಲುಂಗುರ, ಸುತ್ತ ಅರಿಷಿಣ ಇದ್ದ ತನ್ನ ಪಾದಗಳನ್ನು ಅವಳು ಸೀರೆಯೊಳಗೆ ಎಳೆದುಕೊಂಡಳು. ಅನ್ನುವವರು ಅನ್ನಲಿ. ಮಾವನಿಗಿಂತ ಈ ಕಾಲು ಹೆಚ್ಚಲ್ಲ ಎಂದು ನಿರ್ಧಾರ ಮಾಡಿಬಿಟ್ಟಳು.

ಬಿಸಿಲು ಇಳಿಯುತ್ತಿತ್ತು. ಗಾಳಿಗೆ ತೆನೆಗಳು ಒಂದಕ್ಕೊಂದು ತಾಗಿ ಸಣ್ಣಗೆ ಸದ್ದು ಮಾಡುತ್ತಿದ್ದವು. ಕೂತಲ್ಲೇ ಅವಳ ತಲೆ ವಾಲಿತು, ಯಾವುದೋ ಹೆಗಲಿಗೆ ತಾಗಿತು. ಹೆಗಲು ಸರಿಯಲಿಲ್ಲ.

"ನಿಮ್ಮ ಮಾವ ಹಾಕಿದ್ನಲ್ಲ ಎಣ್ಣಿ?" ಎಂದು ಆ ಹೆಗಲಿನವಳು ಕೇಳಿದಳು.

ಸುನಂದಾ ಬೆಚ್ಚಿ ಎದ್ದು ಕೂತಳು. ಸಾವಂತ್ರವ್ವ ರಸ್ತೆಯ ಕಡೆಗೇ ನೋಡುತ್ತಿದ್ದಳು.

"ನಾ ನೋಡೇನಿ. ಕ್ಯಾನ್ ಹಿಡಕೊಂಡು ಜ್ವಾಕಿಲೆ ಸುರೀತಿದ್ದ. ನನಗೇನು ಗೊತ್ತು ಅದು ಯಾವ ಎಣ್ಣಿ ಅಂತ. ಮೋದಿನ ಈಗ ಅಂದಾಗ ತಿಳೀತು. ನೀ ಹೇಳ್ತಿ ಏನು ಅಂತ ಆವಾಗಿಂದ ನಿನ್ನ ಮುಖಾನ ನೋಡಾಕತ್ತೇನಿ."

"ಅತ್ತ್ಯಾರ, ನಿಮ್ಮ ಕಾಲಿಗೆ ಬೀಳ್ತೇನ್ರಿ. ಅವ್ರು ಪ್ರೀತಿಲೆ ಹಾಕ್ಯಾರ್ರಿ, ತುಟ್ಟಿದು ಹಾಕಬೇಕಂತ. ಯಾರ ಮುಂದೂ ಹೇಳಬ್ಯಾಡ್ರಿ. ಎಲ್ಲಾ ನನ್ನ ಮ್ಯಾಲ ಬರಲಿ," ಎಂದು ಸುನಂದಾ ಅಳತೊಡಗಿದಳು.

"ಬರಲಿ ಅಂತಿ," ಎಂದಳು ಸಾವಂತ್ರವ್ವ. "ಬಂದ್ರ ಹ್ಯಾಂಗ ಇರತೈತಿ ಗೊತ್ತೈತೇನು ನಿನಗ?"

ಮುದುಕಿ ಹೇಳತೊಡಗಿದಳು. ದನಿಯಲ್ಲಿ ಏರಿಳಿತವಿರಲಿಲ್ಲ, ಹಿಟ್ಟು ಜರಡಿ ಹಿಡಿದ ಹಾಗೆ ಒಂದೇ ಸಮ ಹೇಳುತ್ತ ಹೋದಳು.

"ನನ್ನ ಮನಗೂಳಿ ಕಡೆ ಕೊಟ್ಟಿದ್ರು. ಆವಾಗ ಬೀಗರು ಬಂಡಿ ಕಟ್ಟಿಕೊಂಡು ಬರತಿದ್ರು. ಎಂಥಾ ಎತ್ತು ಅಂತಿ! ಬೀಗರ ಎತ್ತು ಹಸಕೊಂಡು ಹೋಗಬಾರದು ಅಂತ ನಮ್ಮಪ್ಪ ಎಲ್ಲಾರೂ ಮಲಗಿದ ಮ್ಯಾಲ ಎದ್ದ. ಬರೇ ಒಣಾ ಕಣಕಿ ಮೇವು ಹಾಕಿದ್ರ ಮರ್ಯಾದಿ ಅಲ್ಲಂತ. ಹಸೀ ಜ್ವಾಳ, ಹತ್ತಿಕಾಳು, ಬೆಲ್ಲ, ಬುಟ್ಟಿ ಬುಟ್ಟಿ ತಿನಿಸಿದ. ಮೈಯೆಲ್ಲಾ ಸವರಿ, ನನ್ನ ಮಗಳನ್ನ ಸುಖಲೇ ಕರಕೊಂಡು ಹೋಗ್ರೆಪಾ ಅಂತ ಎತ್ತಿನ ಮುಂದ ಅತ್ತ. ಕಂದೀಲ ನಾನ ಹಿಡದಿದ್ದೆ."

"ಆಮ್ಯಾಲ?"

"ದಾರ್ಯಾಗ ಬಲಗಡೀ ಎತ್ತಿಗೆ ಹೊಟ್ಟಿ ಉಬ್ಬರಿಸ್ತು. ಬಿತ್ತು. ಸತ್ತುಹೋತು. ನಾ ಬಂಡ್ಯಾಗ ಕುಂತಿದ್ದೆ, ಹಿಂಗ ನಿನ್ನಂಗ ಅರಿಷಿಣ ಹಚಕೊಂಡು. ನಾ ನಮ್ಮಪ್ಪನ ಹೆಸರು ಹೇಳಲಿಲ್ಲ. ಹುಡುಗಿ ಬಂಡಿ ಹತ್ತಿದ್ದೇ ಎತ್ತು ಸತ್ತಿತು ಅಂದ್ರು. ಆ ವರ್ಷ ಮಳಿ ಹೋತು, ಅದೂ ನನ್ನ ಕಾಲ್ಗುಣ. ಕೂಸು ನಿಲ್ಲಲಿಲ್ಲ, ಅದೂ ನನ್ನ ಕಾಲ್ಗುಣ. ಕಡೀಕ ತಂದು ಬಿಟ್ಟುಹೋದ್ರು."

ಸುನಂದಾ ಮುದುಕಿಯ ಕೈ ಹಿಡಿದುಕೊಂಡಳು.

"ಅದಕ್ಕ ನಾ ಅಳಂಗಿಲ್ಲವಾ. ಒಂದಕ್ಕ ಅಳತೇನಿ. ನಮ್ಮಪ್ಪನೂ ನಂಬಿದ್ದ. ನನ್ನ ಮಗಳ ಕಾಲ್ಗುಣ ಹಿಂಗ ಆತಲ್ಲ ಅಂತ ಬಂದವರ ಮುಂದೆಲ್ಲಾ ಅಳತಿದ್ದ. ಸಾಯೂಮುಂದ ನನ್ನ ಕೈಲೆ ನೀರು ಕುಡೀಲಿಲ್ಲ. ಅವನ್ನ ಉಳಸಾಕ ಅಂತ ನಾ ಬಾಯಿ ಮುಚ್ಚಿದೆ, ಅವಾ ನನ್ನ ದೂರ ಇಟ್ಟು ಹೋದ."

ದೂರದಲ್ಲಿ ತಂಬಿಗೆ ಹಿಡಿದು ಬರುತ್ತಿದ್ದ ಕಲ್ಮೇಶನ ರುಮಾಲು ಕಂಡಿತು. ಸಾವಂತ್ರವ್ವ ಸೆರಗಿನಿಂದ ಸುನಂದಾಳ ಮುಖ ಒರೆಸಿದಳು. ಒರಟಾಗಿ, ಕೂಸಿನ ಮುಖ ಒರೆಸಿದಂತೆ.

"ನಾ ನಿನ್ನ ಪರವಾಗಿ ಹೇಳಂಗಿಲ್ಲ. ನನ್ನ ಮಾತು ಆ ಮನ್ಯಾಗ ನಡ್ಯಂಗಿಲ್ಲ. ಹೇಳೂದಾದ್ರ ಹೊಸ್ತಿಲ ಹೊರಗ ನಿಂತು ಹೇಳು. ಒಳಗ ಕಾಲಿಟ್ಟ ಮ್ಯಾಲ ಹೇಳಿದ್ರ ಯಾರೂ ಕೇಳಂಗಿಲ್ಲ," ಎಂದಳು.

ಮೋದಿನಸಾಬ ಡೀಸೆಲ್ ತಂದ. ಟಾಕಿಯ ಕೆಳಗಿನ ಬಿರಡೆ ಬಿಚ್ಚಿ ಇದ್ದದ್ದನ್ನೆಲ್ಲ ಬಸಿದು, ಹೊಸದನ್ನು ಸುರಿದು, ಕೈಪಂಪು ಒತ್ತಿ ಒತ್ತಿ ಪೈಪಿನೊಳಗಿನ ಗಾಳಿ ತೆಗೆದ. ಜೀಪು ಕರ್ರನೆ ಹೊಗೆ ಉಗುಳಿ ಎದ್ದಿತು. ಸಿಂದಗಿ ದಾಟುವಾಗಲೇ ಹೊತ್ತು ಮುಳುಗಿತು. ಆಕಾಶ ಕುಸುಬೆ ಹೂವಿನ ಬಣ್ಣವಾಗಿ, ಆಮೇಲೆ ಬೂದಿಯಾಯಿತು. ಸುನಂದಾ ಎಚ್ಚರವಿದ್ದಳೋ ಮಲಗಿದ್ದಳೋ ಅವಳಿಗೇ ತಿಳಿಯಲಿಲ್ಲ. ಹೇಳುವ ಮಾತನ್ನು ಮನಸ್ಸಿನಲ್ಲಿ ಜೋಡಿಸುತ್ತಿದ್ದಳು, ಜೋಡಿಸಿದ್ದು ಬಿಚ್ಚಿಹೋಗುತ್ತಿತ್ತು. ಒಮ್ಮೆ ಮಾವನ ಮುಖ, ಒಮ್ಮೆ ಕಂದೀಲು ಹಿಡಿದ ಒಬ್ಬ ಹುಡುಗಿ. ಲಿಂಬಿ ಹೂವಿನ ವಾಸನೆ ಬಂದಾಗ ಊರು ಬಂತೆಂದು ಕಲ್ಮೇಶ ಹೇಳಿದ.

ಮನೆಯ ಮುಂದೆ ದೀಪ ಹಚ್ಚಿದ್ದರು. ಹೊಸ್ತಿಲ ಮೇಲೆ ಅಕ್ಕಿ ತುಂಬಿದ ಸೇರು ಇತ್ತು. ಕಲ್ಮೇಶನ ತಾಯಿ ಶಂಕ್ರೆವ್ವ ಆರತಿ ಹಿಡಿದು ನಿಂತಿದ್ದಳು, ಪಕ್ಕದಲ್ಲಿ ಕಾಲು ತೊಳೆಯಲು ನೀರಿನ ತಂಬಿಗೆ ಇತ್ತು. ತಂದೆ ಸೋಮನಿಂಗಪ್ಪ ಕಟ್ಟೆಯ ಮೇಲಿಂದ ಎದ್ದು ಬಂದ.

"ಯಾಕ ಇಷ್ಟು ತಡಾ? ಹೊತ್ತು ಮುಳುಗೇಬಿಡ್ತಲ್ಲ!"

"ಗಾಡಿ ಕೆಟ್ಟಿತ್ರಿ," ಎಂದ ಮೋದಿನಸಾಬ.

"ಸುಮ್ಮಸುಮ್ಮನ ಕೆಡತೈತೇನು? ನಿನ್ನೆ ತನಕ ಚಲೋ ಇತ್ತಲ್ಲ."

ಮೋದಿನಸಾಬ ಬಾನೆಟ್ಟಿನ ಧೂಳು ಒರೆಸತೊಡಗಿದ. ಹೆಂಗಸರ ಗುಂಪಿನಲ್ಲಿ ಗುಸುಗುಸು ಎದ್ದಿತು. ಒಬ್ಬೊಬ್ಬರ ಕಣ್ಣೂ ಕೆಳಗಿಳಿದು ಮದುಮಗಳ ಪಾದದ ಮೇಲೆ ನಿಂತವು. ಸುನಂದಾ ಸಾವಂತ್ರವ್ವನ ಕಡೆಗೆ ನೋಡಿದಳು. ಸಾವಂತ್ರವ್ವ ಜೀಪಿಗೆ ಒರಗಿ ಬೇರೆ ಕಡೆಗೆ ನೋಡುತ್ತಿದ್ದಳು.

"ಸುಮ್ಮನ ಕೆಟ್ಟಿಲ್ರಿ ಮಾವಾರ," ಎಂದಳು ಸುನಂದಾ. ತನ್ನ ದನಿ ಇಷ್ಟು ದೊಡ್ಡದೆಂದು ಅವಳಿಗೇ ಗೊತ್ತಿರಲಿಲ್ಲ. "ನಮ್ಮ ಮಾವ ಪೆಟ್ರೋಲ್ ಹಾಕ್ಯಾರ್ರಿ. ಎರಡರಾಗ ತುಟ್ಟಿದು ಯಾವುದು ಅಂತ ಕೇಳಿ ತಂದು ಹಾಕ್ಯಾರ. ಅವರಿಗೆ ಗೊತ್ತಿದ್ದಿಲ್ರಿ. ನಾ ನೋಡೇನಿ, ನನಗೂ ತಿಳೀಲಿಲ್ಲ. ಅದಕ್ಕ ಗಾಡಿ ನಿಂತತ್ರಿ. ಮತ್ತ ಬ್ಯಾರೆ ಏನೂ ಇಲ್ರಿ."

ಹೆಂಗಸರ ಗುಂಪಿನಲ್ಲಿ ಯಾರೋ ಕಿಸಕ್ಕೆಂದು ನಕ್ಕರು. "ಅಯ್ಯ ಶಿವನ, ಡೀಸೆಲ್ ಗಾಡಿಗೆ ಪೆಟ್ರೋಲ್!" ಎಂದು ಶಂಕ್ರೆವ್ವ ಆರತಿಯ ತಟ್ಟೆ ಅಲುಗಾಡುವಂತೆ ನಕ್ಕಳು. ನಗು ಅಂಗಳದ ತುಂಬ ಹಬ್ಬಿತು. "ಹುಚ್ಚ ಬೀಗ!" ಎಂದರು, "ತುಟ್ಟಿ ಬೀಗ!" ಎಂದರು. ಸುನಂದಾಳಿಗೆ ಕಿವಿ ಸುಟ್ಟಂತಾಯಿತು. ಮಾವನನ್ನು ನಾನೇ ಇವರ ಬಾಯಿಗೆ ಹಾಕಿದೆನಲ್ಲ ಎಂದು ನೊಂದುಕೊಂಡಳು. ಆದರೆ ಯಾರ ಕಣ್ಣೂ ಈಗ ಅವಳ ಪಾದದ ಮೇಲೆ ಇರಲಿಲ್ಲ.

ಆ ನಗುವಿನೊಳಗೆ ಜೀಪಿನ ಹತ್ತಿರದಿಂದ ಒಂದು ಮಾತು ಕೇಳಿಸಿತು.

"ಏನಂದಿ ಅಕ್ಕ?" ಎಂದು ಸೋಮನಿಂಗಪ್ಪ ನಗುತ್ತಲೇ ತಿರುಗಿದ.

"ನಮ್ಮಪ್ಪ ಎತ್ತಿಗೆ ಹತ್ತಿಕಾಳು ತಿನಿಸಿದ್ದ ಅಂದೆ," ಎಂದಳು ಸಾವಂತ್ರವ್ವ. "ಹಸೀ ಜ್ವಾಳ, ಹತ್ತಿಕಾಳು, ಬೆಲ್ಲ. ನಾನ ಕಂದೀಲ ಹಿಡದಿದ್ದೆ. ಅದಕ್ಕ ಎತ್ತು ಸತ್ತಿತು, ತಮ್ಮಾ."

ಈ ಸಲ ಯಾರೂ ನಗಲಿಲ್ಲ. ಸೋಮನಿಂಗಪ್ಪ ಅಕ್ಕನ ಮುಖ ನೋಡುತ್ತ ನಿಂತ.

"ಇಷ್ಟು ವರ್ಷ ಯಾಕ ಹೇಳಲಿಲ್ಲಕ್ಕ?" ಎಂದು ಕೊನೆಗೆ ಕೇಳಿದ.

"ಇಕಿ ಹೇಳಿದ್ದು ನೋಡಿ ಹೇಳಬೋದಿತ್ತು ಅಂತ ತಿಳೀತು," ಎಂದಳು ಸಾವಂತ್ರವ್ವ, ಸುನಂದಾಳ ಕಡೆಗೆ ಗದ್ದ ಎತ್ತಿ. ಅಷ್ಟು ಹೇಳಿ, ಪ್ರತಿದಿನ ಹೋಗುವಂತೆ ಹಿತ್ತಲ ಬಾಗಿಲಿನ ಕಡೆಗೆ ಹೊರಟಳು.

ಸೋಮನಿಂಗಪ್ಪ ಹೆಂಡತಿಯ ಪಕ್ಕದಲ್ಲಿ ಇಟ್ಟಿದ್ದ ನೀರಿನ ತಂಬಿಗೆ ಎತ್ತಿಕೊಂಡು ಓಡಿಹೋಗಿ ಅಕ್ಕನ ಮುಂದೆ ಕೂತ. ಮಣ್ಣು ಮೆತ್ತಿದ ಆ ಒಡಕು ಹಿಮ್ಮಡಿಯ ಪಾದಗಳ ಮೇಲೆ ನೀರು ಸುರಿದು ಎರಡೂ ಕೈಯಿಂದ ತೊಳೆದ. "ಮೊದಲ ನೀ ನಡಿ ಅಕ್ಕ," ಎಂದ. ಶಂಕ್ರೆವ್ವ ಬಗ್ಗಿ ಸೇರನ್ನು ಬದಿಗೆ ಸರಿಸಿ ದಾರಿ ಬಿಟ್ಟಳು.

ಸಾವಂತ್ರವ್ವ ಬಲಗಾಲಿಟ್ಟು ಮುಂಬಾಗಿಲಿನಿಂದ ಒಳಗೆ ಹೋದಳು. ಸೇರನ್ನು ಮತ್ತೆ ಹೊಸ್ತಿಲ ಮೇಲೆ ಇಡುವ ತನಕ ಸುನಂದಾ ಹೊರಗೆ ಕಾಯುತ್ತ ನಿಂತಳು.